ಎಳೆಹೂಟೆಯಿಂದ ಹುಲ್ಲುಹಾಸಿನವರೆಗೆ: ಸೆರೆಮನೆಯ ಸುಖ ಮತ್ತು ದಂಡದ ಭಯ

ಕೃಷ್ಣೆಯ ದಡದ ತಂಗಡಗಿಗೆ ಬರುವ ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅರಸಿ ಬರುವುದು ನೀಲಾಂಬಿಕೆ ಮತ್ತು ಹಡಪದ ಅಪ್ಪಣ್ಣನವರ ಐಕ್ಯಸ್ಥಳವನ್ನು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ಈ ಊರು ಶರಣ ಪರಂಪರೆಯ ಭೂಪಟದಲ್ಲಿ ಸೇರಿಕೊಂಡದ್ದು ಕಲ್ಯಾಣದಲ್ಲಿ ನಡೆದ ಒಂದು ಶಿಕ್ಷೆಯ ಪರಿಣಾಮವಾಗಿ ಎಂಬುದನ್ನು ಹೆಚ್ಚಿನವರು ನೆನೆಯುವುದಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಅಪರಾಧವೆಂದು ಎಣಿಸಿದ ಪ್ರಭುತ್ವವು ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿತೆಂದು ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸಿ ಕೊಲ್ಲುವ ಶಿಕ್ಷೆ ಅದು. ಶಿಕ್ಷೆಗೆ ಒಳಗಾದವರ ಪ್ರಾಣ ತೆಗೆಯುವುದಷ್ಟೇ ಅದರ ಉದ್ದೇಶವಾಗಿದ್ದರೆ ಬೀದಿ ಬೇಕಿರಲಿಲ್ಲ, ಆನೆಯೂ ಬೇಕಿರಲಿಲ್ಲ. ನೋಡುವವರ ಎದೆಯಲ್ಲಿ ಭಯ ಹುಟ್ಟಬೇಕು, ಮತ್ತೊಬ್ಬರು ಅಂಥ ಕೃತ್ಯಕ್ಕೆ ಕೈಹಾಕಬಾರದು ಎಂಬುದೇ ಅದರ ತರ್ಕ. ಆದರೆ ಕಲ್ಯಾಣದಲ್ಲಿ ಆದದ್ದು ಬೇರೆ. ಭಯದ ಬದಲು ದಂಗೆ ಹುಟ್ಟಿತು, ಅರಸು ಬಿಜ್ಜಳ ಕೊಲೆಯಾದ, ಶರಣರು ದಿಕ್ಕಾಪಾಲಾದರು. ಆ ಚದುರುವಿಕೆಯ ಒಂದು ಕವಲು ಈ ನದಿಯ ದಡಕ್ಕೆ ಬಂದು ಮುಟ್ಟಿತು.

ಆ ಶಿಕ್ಷೆಗೆ ಒಳಗಾದವರನ್ನು ಇಂದು ಯಾರೂ ಅಪರಾಧಿಗಳೆಂದು ಕರೆಯುವುದಿಲ್ಲ. ಕಳ್ಳತನ, ಕೊಲೆ, ಅತ್ಯಾಚಾರಗಳ ಪ್ರಶ್ನೆಯನ್ನು ಅವರ ಪ್ರಸಂಗದೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಶಿಕ್ಷೆ ಕ್ರೂರವಾದಷ್ಟೂ ಭಯ ಹೆಚ್ಚುತ್ತದೆ, ಭಯ ಹೆಚ್ಚಿದಷ್ಟೂ ಅಪರಾಧ ಕಡಿಮೆಯಾಗುತ್ತದೆ ಎಂಬ ಎಣಿಕೆ ಎಂಟುನೂರು ವರ್ಷಗಳ ಬಳಿಕವೂ ಹಾಗೆಯೇ ಉಳಿದಿದೆ. ಇಂದು ಅದು ಬೇರೆ ಮಾತಿನಲ್ಲಿ ಕೇಳಿಬರುತ್ತದೆ: ಜೈಲೆಂದರೆ ಈಗ ಮಾವನ ಮನೆ, ಹೊತ್ತು ಹೊತ್ತಿಗೆ ಊಟ, ನೋಡಲು ಟೀವಿ, ಮಾತಾಡಲು ಫೋನು, ಹೀಗಿದ್ದ ಮೇಲೆ ತಪ್ಪು ಮಾಡಲು ಯಾರು ಹೆದರುತ್ತಾರೆ? ಬಸ್ ನಿಲ್ದಾಣದ ಚಹಾ ಅಂಗಡಿಯಿಂದ ಕಾಲೇಜಿನ ಚರ್ಚಾಸ್ಪರ್ಧೆಯವರೆಗೆ ಈ ಮಾತು ಹರಿದಾಡುತ್ತಿದೆ.

ಈ ಮಾತಿಗೆ ಆಧಾರವಿಲ್ಲ ಎನ್ನುವಂತಿಲ್ಲ. 2017ರ ಜುಲೈಯಲ್ಲಿ ಆಗ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ ಅವರು ಬೆಂಗಳೂರಿನ ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹದಲ್ಲಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ದೊರೆಯುತ್ತಿದೆಯೆಂದೂ ಅದಕ್ಕಾಗಿ ಎರಡು ಕೋಟಿ ರೂಪಾಯಿ ಕೈಬದಲಾಗಿದೆಯೆಂಬ ಮಾತಿದೆಯೆಂದೂ ವರದಿ ಬರೆದರು. ಸರ್ಕಾರ ನೇಮಿಸಿದ ವಿನಯ್ ಕುಮಾರ್ ಸಮಿತಿಯು ವಿಶೇಷ ಸೌಲಭ್ಯ ನೀಡಿದ್ದು ನಿಜವೆಂದು ಕಂಡುಕೊಂಡಿತು. 2024ರ ಆಗಸ್ಟ್‌ನಲ್ಲಿ ಕೊಲೆ ಪ್ರಕರಣದ ಆರೋಪಿಯಾದ ಚಲನಚಿತ್ರ ನಟ ದರ್ಶನ್ ಅದೇ ಕಾರಾಗೃಹದ ಹುಲ್ಲುಹಾಸಿನಲ್ಲಿ ಕುರ್ಚಿ ಹಾಕಿಕೊಂಡು, ಸಿಗರೇಟು ಮತ್ತು ಲೋಟ ಹಿಡಿದು ಕುಳಿತಿದ್ದ ಚಿತ್ರ ನಾಡಿನೆಲ್ಲೆಡೆ ಹರಡಿತು. ಅಧಿಕಾರಿಗಳು ಅಮಾನತಾದರು, ಆರೋಪಿಯನ್ನು ಬಳ್ಳಾರಿಗೆ ಸಾಗಿಸಲಾಯಿತು. 2025ರ ಆಗಸ್ಟ್ 14ರಂದು ಅವರ ಜಾಮೀನನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟು, ಪಂಚತಾರಾ ಉಪಚಾರ ಕಂಡುಬಂದರೆ ಮೊದಲು ಅಮಾನತಾಗುವುದು ಕಾರಾಗೃಹದ ಅಧೀಕ್ಷಕರೇ ಎಂದು ಎಚ್ಚರಿಸಿತು. ಚಿತ್ರದುರ್ಗದಲ್ಲಿ ಮಗನನ್ನು ಕಳೆದುಕೊಂಡ ಮನೆಯವರು ಹುಲ್ಲುಹಾಸಿನ ಆ ಚಿತ್ರವನ್ನು ಹೇಗೆ ನೋಡಿರಬಹುದೆಂದು ಯೋಚಿಸಿದವರು ಜನರ ಸಿಟ್ಟನ್ನು ಹಗುರವಾಗಿ ಕಾಣಲಾರರು.

ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟಿನಿಂದ ಹೊರಡುವ ತೀರ್ಮಾನ, ಅಂದರೆ ಸೆರೆಮನೆಗಳು ಅತಿ ಸುಖಕರವಾಗಿವೆ, ಅವನ್ನು ಕಠೋರಗೊಳಿಸಿದರೆ ಅಪರಾಧ ಕುಗ್ಗುತ್ತದೆ ಎಂಬ ತೀರ್ಮಾನ, ನ್ಯಾಯವಾದದ್ದೇ ಎಂಬುದು ಬೇರೆ ಪ್ರಶ್ನೆ.

ಕನ್ನಡ ಗದ್ಯದ ಆದಿಯಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಿದ ಕಥೆಯೊಂದಿದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯನ್ನು ಸಾಮಾನ್ಯವಾಗಿ ವೈರಾಗ್ಯದ ಕಥೆಯಾಗಿ ಓದಲಾಗುತ್ತದೆ. ದಂಡನೀತಿಯ ಕಥೆಯಾಗಿ ಓದುವವರು ವಿರಳ. ವಿದ್ಯುಚ್ಚೋರ ಹಗಲಲ್ಲಿ ಪಾಳುಗುಡಿಯ ಕುಷ್ಠರೋಗಿ, ಇರುಳಲ್ಲಿ ಕಳ್ಳ. ಮಿಥಿಲೆಯ ಅರಸನ ಹಾರ ಕಳುವಾದಾಗ ಕಳ್ಳನನ್ನು ಹಿಡಿದುಕೊಡದಿದ್ದರೆ ತಲೆ ಹೋಗುವುದೆಂಬ ಆಜ್ಞೆ ತಳಾರನಾದ ಯಮದಂಡನ ಮೇಲೆ ಬೀಳುತ್ತದೆ. ಅವನ ಹೆಸರೇ ಯಮದಂಡ ಎಂಬುದನ್ನು ಗಮನಿಸಬೇಕು. ಅವನು ಕುಷ್ಠರೋಗಿಯನ್ನು ಹಿಡಿದು ತಂದು, ಇವನೇ ಕಳ್ಳನೆನ್ನುತ್ತಾನೆ, ಹಿಡಿದವನು ಅಲ್ಲವೆನ್ನುತ್ತಾನೆ. ಇರುಳಿಡೀ ನಾನಾ ಬಗೆಯ ದಂಡನೆಗಳು ನಡೆಯುತ್ತವೆ. ವಿದ್ಯುಚ್ಚೋರನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಕೊನೆಗೆ ಅರಸನು ಅಭಯವನ್ನು ಕೊಟ್ಟಾಗ ಅವನು ತಾನೇ ಕಳ್ಳನೆಂದು ಒಪ್ಪಿಕೊಳ್ಳುತ್ತಾನೆ. ಅಷ್ಟೊಂದು ನೋವನ್ನು ಹೇಗೆ ತಾಳಿಕೊಂಡೆ ಎಂಬ ಅರಸನ ಪ್ರಶ್ನೆಗೆ ಅವನ ಉತ್ತರ ವಿಚಿತ್ರವಾದದ್ದು: ಮುನಿಯೊಬ್ಬರಿಂದ ನರಕದ ವೇದನೆಯ ವಿವರವನ್ನು ಕೇಳಿದ್ದೆ, ಅದರ ಮುಂದೆ ಈ ನೋವು ಏನೂ ಅಲ್ಲವೆಂದು ಸಹಿಸಿಕೊಂಡೆ.

ಈ ಉತ್ತರದಲ್ಲಿ ದಂಡನೀತಿಯ ಒಂದು ಒಗಟು ಅಡಗಿದೆ. ಭಯ ಹುಟ್ಟಿಸಬಲ್ಲ ವರ್ಣನೆಗಳಲ್ಲಿ ನರಕವರ್ಣನೆಗಿಂತ ಮಿಗಿಲಾದುದಿಲ್ಲ. ವಿದ್ಯುಚ್ಚೋರ ಅದನ್ನು ಕೇಳಿದ್ದ, ನಂಬಿಯೂ ಇದ್ದ, ಆದರೂ ಕದ್ದ. ನರಕದ ಭಯ ಅವನನ್ನು ಕಳವಿನಿಂದ ತಡೆಯಲಿಲ್ಲ. ಬದಲಾಗಿ ತಳಾರನ ದಂಡನೆಯನ್ನು ತಾಳಿಕೊಳ್ಳುವ ಶಕ್ತಿಯನ್ನು ಕೊಟ್ಟಿತು. ಅವನ ಬಾಯಿ ತೆರೆಸಿದ್ದು ಅರಸನ ಅಭಯ. ಮುಂದೆ ಅವನು ವಿರಕ್ತನಾಗುವುದು ಆ ಸತ್ಯವಚನದ ಬಳಿಕವೇ. ಹಾರ ಕಳೆದುಕೊಂಡ ಅರಸನಿಗೆ ಬೇಕಾದದ್ದು ನಿಜವಾಗಿತ್ತು. ಯಮದಂಡನ ಕೈಯಲ್ಲಿದ್ದದ್ದು ಕೇವಲ ನೋವಾಗಿತ್ತು.

ದಂಡದ ಇತಿಹಾಸವನ್ನು ಜಿನಸೇನಾಚಾರ್ಯರ ಆದಿಪುರಾಣ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಮೊದಲ ಕುಲಕರರ ಕಾಲದಲ್ಲಿ ತಪ್ಪು ಮಾಡಿದವನಿಗೆ ‘ಹಾ’ ಎಂದರೆ ಸಾಕಿತ್ತು. ಅನಂತರ ‘ಮಾ’, ಬೇಡ, ಎನ್ನಬೇಕಾಯಿತು. ಮತ್ತೂ ಮುಂದೆ ‘ಧಿಕ್’ ಎಂದು ಜರಿಯಬೇಕಾಯಿತು. ಸೆರೆ ಮತ್ತು ವಧೆಗಳಂಥ ಶರೀರದಂಡನೆ ಬಂದದ್ದು ಭರತನ ಕಾಲಕ್ಕೆ. ಇದನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಒಂದು ವಿಚಾರವೆಂದು ಓದಿದರೂ ಸಾಕು. ಶಿಕ್ಷೆಯ ತೀವ್ರತೆ ಏರಿದ್ದು ಸಮಾಜದ ಬಲದ ಗುರುತಾಗಿ ಅಲ್ಲ, ಅದರ ಇಳಿಗಾಲದ ಗುರುತಾಗಿ. ‘ಹಾ’ ಎಂಬ ಒಂದಕ್ಷರ ಕೆಲಸ ಮಾಡುತ್ತಿದ್ದುದು ಅದನ್ನು ಹೇಳುವವನು ಕಣ್ಣೆದುರಿಗಿದ್ದ, ತಪ್ಪು ಮಾಡಿದ ಕೂಡಲೇ ಹೇಳುತ್ತಿದ್ದ, ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದ ಎಂಬ ಕಾರಣದಿಂದ.

1764ರಲ್ಲಿ ಇಟಲಿಯ ಬೆಕಾರಿಯಾ ಅಪರಾಧ ಮತ್ತು ಶಿಕ್ಷೆಯನ್ನು ಕುರಿತ ತನ್ನ ಗ್ರಂಥದಲ್ಲಿ ತರ್ಕದ ದಾರಿಯಿಂದ ಇದೇ ಮಾತಿಗೆ ಬಂದ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಚಿತತೆ ಮತ್ತು ಶೀಘ್ರತೆ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಅಲ್ಲಿನ ಸೆರೆವಾಸದ ವಿಪರೀತ ಬೆಳವಣಿಗೆಯನ್ನು ಪರಿಶೀಲಿಸಿ, ದೀರ್ಘ ಶಿಕ್ಷೆಗಳನ್ನು ಇನ್ನಷ್ಟು ಹಿಗ್ಗಿಸುವುದರಿಂದ ಅಪರಾಧ ತಡೆಗೆ ಆಗುವ ಲಾಭ ಅಲ್ಪವೆಂದು ಹೇಳಿತು. ಕನ್ನ ಹಾಕುವವನು ಎಣಿಸುವುದು ಮನೆಯವರು ಊರಲ್ಲಿದ್ದಾರೆಯೇ, ನಾಯಿ ಬೊಗಳುತ್ತದೆಯೇ, ತಾನು ಸಿಕ್ಕಿಬೀಳುತ್ತೇನೆಯೇ ಎಂಬುದನ್ನು. ಸೆರೆಮನೆಯಲ್ಲಿ ಚಪಾತಿ ಕೊಡುತ್ತಾರೆಯೇ ಎಂಬುದನ್ನಲ್ಲ. ಸಿಟ್ಟಿನಲ್ಲಿ ಕೊಡಲಿ ಎತ್ತಿದವನಂತೂ ಏನನ್ನೂ ಎಣಿಸುವುದಿಲ್ಲ.

ಇನ್ನು, ಸೆರೆಮನೆಯಲ್ಲಿ ಇರುವವರು ಯಾರು? ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರ ಕೊನೆಗೆ ಭಾರತದ ಕಾರಾಗೃಹಗಳಲ್ಲಿ 5,73,220 ಬಂದಿಗಳಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಸುಮಾರು 76. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ನೂರು ಜನರ ಜಾಗದಲ್ಲಿ 131 ಜನರನ್ನು ಇರಿಸಲಾಗಿತ್ತು. ಸೆರೆಮನೆಯನ್ನು ಕಠೋರಗೊಳಿಸಿ ಎನ್ನುವವರು ತಮ್ಮ ಕಣ್ಣೆದುರಿಗೆ ಕೊಲೆಗಡುಕನನ್ನು ಇರಿಸಿಕೊಂಡಿರುತ್ತಾರೆ. ಆ ಕಾಠಿಣ್ಯ ಮೊದಲು ಬೀಳುವುದು ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೆ ಉಳಿದವನ ಮೇಲೆ. ಮುದ್ದೇಬಿಹಾಳದ ನ್ಯಾಯಾಲಯದಿಂದ ವಿಜಯಪುರದ ದರ್ಗಾ ಜೈಲಿಗೆ ಹೋದ ಬಡವನನ್ನು ನೋಡಲು ಅವನ ತಾಯಿ ಹೋಗಬೇಕಾದರೆ ಒಂದು ದಿನದ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಮೇಲೆ ಬೀಳುತ್ತದೆ. ಆ ಮನೆಗೆ ಸೆರೆಮನೆಯ ಸುಖ ಎಂಬ ಮಾತು ಅರ್ಥವಾಗುವುದಿಲ್ಲ.

1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ರಾಮಮೂರ್ತಿ ಪ್ರಕರಣ ಆರಂಭವಾದದ್ದು ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರದಿಂದ. ಆ ತೀರ್ಪಿನಲ್ಲಿ ನ್ಯಾಯಾಲಯವು ನಮ್ಮ ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿತು: ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ, ಸಾಲದ ಅನ್ನ ಬಟ್ಟೆ, ಒಳಗಿನ ದುರ್ವ್ಯಸನಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ಅತಿಯಾದ ಸುಖ ಎಂಬ ಹತ್ತನೆಯ ಸಮಸ್ಯೆ ಆ ಪಟ್ಟಿಯಲ್ಲಿಲ್ಲ.

ಆ ಹಳೆಯ ಕಾರಾಗೃಹದ ಆವರಣ ಈಗ ಫ್ರೀಡಂ ಪಾರ್ಕ್. ಅಲ್ಲಿ ಕಠೋರತೆಯ ಒಂದು ದಾಖಲೆಯಿದೆ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅಲ್ಲಿ ಇರಿಸಲಾಗಿತ್ತು. ಅಸ್ತಮಾ ರೋಗಿಯಾದ ಅವರಿಗೆ ತಕ್ಕ ಚಿಕಿತ್ಸೆ ಸಿಗಲಿಲ್ಲ. ಅಂಥ ಸ್ಥಿತಿಯಲ್ಲಿಯೂ ಅವರು ಜೊತೆಯ ಮಹಿಳಾ ಬಂದಿಗಳ ಪಾಡನ್ನು ಸುಧಾರಿಸಲು ಹೋರಾಡಿದರು. 1977ರ ಜನವರಿಯಲ್ಲಿ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ಸಾಬೀತಾಗಿರಲಿಲ್ಲ. ಸೆರೆಮನೆಯ ಬಾಗಿಲು ಯಾವಾಗಲೂ ಅಪರಾಧಿಗಳಿಗಾಗಿಯೇ ತೆರೆಯುತ್ತದೆ ಎಂದು ನಂಬಿದವರು ಮಾತ್ರ ಅದರ ಒಳಗಿನ ಕಾಠಿಣ್ಯವನ್ನು ನಿಶ್ಚಿಂತೆಯಿಂದ ಹೊಗಳಬಲ್ಲರು.

ಆದರೆ ಈ ಚರ್ಚೆಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬೀರುವುದು ಬಿ.ಎ. ಉಮೇಶ್, ಅಂದರೆ ಉಮೇಶ್ ರೆಡ್ಡಿಯ ಪ್ರಕರಣ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ ಅವನಿಗೆ 2006ರಲ್ಲಿ ಮರಣದಂಡನೆಯಾಯಿತು. ಅವನ ಬಗ್ಗೆ ಅನುಕಂಪ ತೋರುವವರು ಸಿಗಲಾರರು. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ಅವನನ್ನು ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿ ಇರಿಸಲಾಯಿತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲು ಹಾಗೆ ಇರಿಸಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು 1978ರ ಸುನಿಲ್ ಬಾತ್ರಾ ತೀರ್ಪಿನಿಂದಲೇ ಸ್ಪಷ್ಟವಾಗಿತ್ತು. ಪರಿಣಾಮವಾಗಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅವನ ಮರಣದಂಡನೆಯನ್ನು ಕನಿಷ್ಠ ಮೂವತ್ತು ವರ್ಷಗಳ ಜೀವಾವಧಿ ಸೆರೆಯಾಗಿ ಇಳಿಸಿತು. ಕಾನೂನು ಮೀರಿದ ಕಠೋರತೆಯೇ ಕಾನೂನು ವಿಧಿಸಿದ ಶಿಕ್ಷೆಯನ್ನು ಸಡಿಲಿಸಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ನವೆಂಬರ್‌ನಲ್ಲಿ ಪರಪ್ಪನ ಅಗ್ರಹಾರದ ಒಳಗಿನವೆನ್ನಲಾದ ವಿಡಿಯೊಗಳು ಹೊರಬಂದವು. ಅವುಗಳಲ್ಲಿ ಮೊಬೈಲು ಹಿಡಿದು, ಟೀವಿಯ ಸೌಕರ್ಯದೊಂದಿಗೆ ಕಾಣಿಸಿಕೊಂಡವರಲ್ಲಿ ಅದೇ ಉಮೇಶ್ ರೆಡ್ಡಿಯೂ ಇದ್ದಾನೆಂದು ವರದಿಯಾಯಿತು. ಸರ್ಕಾರ ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡಿತು.

ಒಬ್ಬನೇ ಬಂದಿ, ಒಂದು ಊರಿನಲ್ಲಿ ಕಾನೂನು ಮೀರಿದ ಕತ್ತಲೆ, ಇನ್ನೊಂದು ಊರಿನಲ್ಲಿ ಕಾನೂನು ಮೀರಿದ ಸೌಕರ್ಯ. ದರ್ಶನ್ ಅವರ ವಿಷಯದಲ್ಲಿಯೂ ಇದೇ ಮಾತು. 2024ರಲ್ಲಿ ಹುಲ್ಲುಹಾಸಿನ ಚಿತ್ರ ಹೊರಬಂದ ಅದೇ ಕಾರಾಗೃಹದಿಂದ 2025ರ ಸೆಪ್ಟೆಂಬರ್‌ನಲ್ಲಿ ಅವರು, ಬಿಸಿಲು ಕಾಣದೆ ಕೈಗಳಿಗೆ ಫಂಗಸ್ ಹಿಡಿದಿದೆ, ವಿಷವನ್ನಾದರೂ ಕೊಡಿ ಎಂಬರ್ಥದಲ್ಲಿ ನ್ಯಾಯಾಧೀಶರೆದುರು ಅಳಲು ತೋಡಿಕೊಂಡರು. ಹಾಸಿಗೆ, ದಿಂಬು, ಓಡಾಟದಂಥ ಸಾಮಾನ್ಯ ಸೌಲಭ್ಯಕ್ಕೆ ನ್ಯಾಯಾಲಯದ ಆದೇಶ ಬೇಕಾಯಿತು. ಸುಖವೋ ಕಷ್ಟವೋ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ನಿಯಮ ಇದೆಯೋ ಇಲ್ಲವೋ ಎಂಬುದು ಮೊದಲನೆಯದು. ನಿಯಮ ಹೇಳಿದಷ್ಟನ್ನು ಎಲ್ಲರಿಗೂ ಕೊಡುವ, ಅದಕ್ಕಿಂತ ಹೆಚ್ಚನ್ನು ಯಾರಿಗೂ ಕೊಡದ ಸೆರೆಮನೆಯನ್ನು ಸುಖಕರ ಎಂದಾಗಲಿ ಕಠೋರ ಎಂದಾಗಲಿ ಯಾರೂ ಕರೆಯಲಾರರು.

ಜನರು ಸುಖ ಎಂದು ಕರೆಯುತ್ತಿರುವುದು ವಾಸ್ತವದಲ್ಲಿ ಮಾರಾಟ. ಹೊರಗೆ ಹಣ ಮತ್ತು ಹೆಸರು ಇದ್ದವನಿಗೆ ಒಳಗೂ ಅದು ಸಲ್ಲುತ್ತದೆ ಎಂಬುದನ್ನು ಆ ಚಿತ್ರಗಳು ತೋರಿಸಿದವು. ಇಂಥ ಸೆರೆಮನೆಯ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿದರೆ ಏನಾಗುತ್ತದೆ? ಮಾರುವ ಕೈ ಹಾಗೆಯೇ ಇದ್ದರೆ ಸರಕಿನ ಬೆಲೆ ಏರುತ್ತದೆ, ಅಷ್ಟೆ. ಕೊಳ್ಳಬಲ್ಲವನು ಹೆಚ್ಚು ಕೊಟ್ಟು ಕೊಳ್ಳುತ್ತಾನೆ. ಕೊಳ್ಳಲಾರದವನ ಪಾಲಿನ ಗಾಳಿ ಬೆಳಕೂ ಕಡಿಮೆಯಾಗುತ್ತದೆ. ಅಪರಾಧವನ್ನು ತಡೆಯುವ ಭಯ ಎಂಬುದೊಂದಿದ್ದರೆ ಅದು ಹುಟ್ಟುವುದು ತಪ್ಪಿಸಿಕೊಳ್ಳಲಾಗದು ಎಂಬ ಅರಿವಿನಿಂದ. ಹಣವಿದ್ದರೆ ಸೆರೆಯೊಳಗೂ ತಪ್ಪಿಸಿಕೊಳ್ಳಬಹುದು ಎಂಬ ಪಾಠವನ್ನು ಹುಲ್ಲುಹಾಸು ಕಲಿಸಿತು. ಆ ಚಿತ್ರದ ನಿಜವಾದ ಅಪಾಯ ಇದು.

ಎದುರುವಾದಿಗಳ ಕೈಯಲ್ಲಿ ಇನ್ನೊಂದು ಬಲವಾದ ಮಾತಿದೆ. ಹೊರಗೆ ನಿಯತ್ತಾಗಿ ದುಡಿಯುವವನಿಗೆ ಹೊಟ್ಟೆತುಂಬ ಊಟವಿಲ್ಲದಿರುವಾಗ ಒಳಗಿರುವವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವುದು ಯಾವ ನ್ಯಾಯ? ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಮುದುಕರ ಬಳಿ ಬಿಟ್ಟು ಗೋವೆಗೂ ಬೆಂಗಳೂರಿಗೂ ದುಡಿಯಲು ಹೋಗುವ ವಿಜಯಪುರ ಜಿಲ್ಲೆಯ ಜನರ ನಡುವೆ ಈ ಪ್ರಶ್ನೆಗೆ ತೂಕವಿದೆ. ಸೆರೆಮನೆಯ ಬದುಕು ಹೊರಗಿನ ಅತಿ ಬಡವನ ಬದುಕಿಗಿಂತ ಕೀಳಾಗಿರಬೇಕು ಎಂಬ ತತ್ತ್ವ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಾನ್ಯವಾಗಿತ್ತು; 1834ರ ಬಡವರ ಕಾಯ್ದೆ ನಿರ್ಗತಿಕರ ದುಡಿಮೆಯ ಮನೆಗಳಿಗೂ ಅದನ್ನೇ ಅನ್ವಯಿಸಿತು. ಬಡತನವನ್ನು ಅಪರಾಧದ ಸಾಲಿಗೆ ಸೇರಿಸಿದ್ದು ಬಿಟ್ಟರೆ ಆ ತತ್ತ್ವ ಸಾಧಿಸಿದ್ದು ಕಡಿಮೆ. ಸೆರೆಮನೆಯ ತಟ್ಟೆ ಹೊರಗಿನವನ ತಟ್ಟೆಗಿಂತ ತುಂಬಿದೆ ಎಂದಾದರೆ ಅದು ಹೊರಗಿನ ಸಮಾಜದ ಮೇಲಿನ ದೂರು. ಒಳಗಿನ ತಟ್ಟೆಯನ್ನು ಬರಿದು ಮಾಡಿದರೆ ಹೊರಗಿನದು ತುಂಬುವುದಿಲ್ಲ. ಕೂಲಿಕಾರನಿಗೆ ಎಷ್ಟೇ ಕಷ್ಟವಿದ್ದರೂ ಸಂಜೆ ಮನೆಯ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತಾನೆ. ಸೆರೆಯಲ್ಲಿರುವವನ ಬಾಗಿಲನ್ನು ಬೇರೊಬ್ಬರು ಹಾಕುತ್ತಾರೆ. ಶಿಕ್ಷೆ ಎಂದರೆ ಅದೇ. ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದೇ ನ್ಯಾಯಾಲಯ ವಿಧಿಸಿದ ದಂಡ. ತಿಗಣೆ, ಹಳಸಿದ ಅನ್ನ, ಪೆಟ್ಟು ಯಾವ ತೀರ್ಪಿನಲ್ಲಿಯೂ ಬರೆದಿರುವುದಿಲ್ಲ.

ಸೆರೆಮನೆಯಲ್ಲಿ ಸುಖವಲ್ಲದ, ಆದರೂ ಟೀಕಾಕಾರರ ಕಣ್ಣಿಗೆ ಸುಖವಾಗಿ ಕಾಣುವ ಕೆಲವು ಸಂಗತಿಗಳಿವೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕರ್ನಾಟಕದ ಕಾರಾಗೃಹಗಳಲ್ಲಿ ಬಂದಿಗಳಿಂದ ನಾಟಕ ಮಾಡಿಸಿದರು. ಮ್ಯಾಕ್‌ಬೆತ್‌ನ ಕನ್ನಡ ರೂಪವಾದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನು ಸಜಾಬಂದಿಗಳು ಅಭಿನಯಿಸಿದರು. ಕೊಲೆಗಾರರಿಗೆ ನಾಟಕದ ಮೋಜು ಏಕೆ ಎಂದು ಕೇಳುವವರು ಆ ನಾಟಕ ಯಾವುದೆಂದು ನೋಡಬೇಕು. ಕೈಗೆ ಅಂಟಿದ ರಕ್ತವನ್ನು ತೊಳೆಯಲಾರದವರ ಕಥೆಯನ್ನು ಅದೇ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸುತ್ತಿರುವವನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿ, ನೂರಾರು ಜನರೆದುರು ನಿಂತು ಆಡುವುದು ಹುಲ್ಲುಹಾಸಿನಲ್ಲಿ ಸಿಗರೇಟು ಸೇದುವುದಕ್ಕಿಂತ ಕಷ್ಟದ ಕೆಲಸ. ವಚನಕಾರರ ಸಾಲಿನಲ್ಲಿ ಕನ್ನದ ಮಾರಿತಂದೆ ಎಂಬೊಬ್ಬರಿದ್ದಾರೆ. ಅವರು ಮೊದಲು ಕನ್ನಗಳ್ಳರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅವರ ವಚನಗಳಲ್ಲಿ ಕಳವಿನ ಪರಿಭಾಷೆಯೇ ಅನುಭಾವದ ಪರಿಭಾಷೆಯಾಗಿದೆ. ಕಲ್ಯಾಣದ ಅರಮನೆ ಎಳೆಹೂಟೆಯನ್ನು ವಿಧಿಸಿದ ಕಾಲದಲ್ಲಿಯೇ ಕಲ್ಯಾಣದ ಶರಣರು ಕಳ್ಳನಿಗೆ ಕುಳಿತುಕೊಳ್ಳಲು ಜಾಗ ಕೊಟ್ಟಿದ್ದರು. ಇವೆರಡರಲ್ಲಿ ಯಾವುದು ಊರಿಗೆ ಒಬ್ಬ ಕಳ್ಳನನ್ನು ಕಡಿಮೆ ಮಾಡಿತೆಂದು ಹೇಳುವುದು ಕಷ್ಟವಲ್ಲ.

ಹಾಗೆಂದು ಎಲ್ಲ ಬಂದಿಗಳೂ ಮಾರಿತಂದೆಯರಾಗುತ್ತಾರೆಂದು ನಂಬಬೇಕಾಗಿಲ್ಲ. ಬಹುಕಾಲ ಸಮಾಜದಿಂದ ದೂರ ಇರಿಸಲೇಬೇಕಾದವರು ಇದ್ದಾರೆ; ನೊಂದವರ ಕುಟುಂಬಗಳಿಗೆ ಅಪರಾಧಿಗೆ ಶಿಕ್ಷೆಯಾಗುವುದನ್ನು ಕಾಣುವ ಹಕ್ಕಿದೆ. ಆ ಹಕ್ಕನ್ನು ಈಡೇರಿಸುವ ದಾರಿ ಬೇಗ ಮುಗಿಯುವ ವಿಚಾರಣೆ, ಹಣಕ್ಕೆ ಬಗ್ಗದ ಕಾವಲು, ಹೆಸರು ನೋಡದ ನಿಯಮ. ಮೊದಲ ಬಾರಿ ಆರೋಪಿಯಾಗಿ, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣೆಯಲ್ಲಿಯೇ ಕಳೆದವರ ಬಿಡುಗಡೆಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ ಅವಕಾಶ ಕೊಟ್ಟಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸದು. ಅದನ್ನು ನಿಷ್ಠೆಯಿಂದ ಬಳಸಿದರೆ ಕಿಕ್ಕಿರಿದ ಕೋಣೆಗಳು ತೆರವಾಗುತ್ತವೆ, ಉಳಿದವರ ಮೇಲೆ ಕಣ್ಣಿಡಲು ಕಾವಲಿನವರಿಗೆ ಸಾಧ್ಯವಾಗುತ್ತದೆ.

ತಂಗಡಗಿಯ ಎದುರಿಗೆ ಕೃಷ್ಣೆ ಹರಿಯುತ್ತಾಳೆ. ಕೂಡಲಸಂಗಮಕ್ಕೆಂದು ಹೊರಟ ನೀಲಾಂಬಿಕೆ ಬಸವಣ್ಣನವರು ಐಕ್ಯರಾದ ಸುದ್ದಿ ಕೇಳಿ ಈ ದಡದಲ್ಲಿಯೇ ನಿಂತರೆಂಬುದು ಜನಜನಿತ ಕಥೆ. ಹರಳಯ್ಯ ಮಧುವರಸರನ್ನು ಬೀದಿಯಲ್ಲಿ ಎಳೆಸಿದ ಅರಸೊತ್ತಿಗೆ ಕಲ್ಯಾಣದಲ್ಲಿ ಉಳಿಯಲಿಲ್ಲ. ಆ ಶಿಕ್ಷೆಯನ್ನು ನೋಡಿದ ಊರಿನಲ್ಲಿ ಉಳಿದದ್ದು ಅದನ್ನು ವಿಧಿಸಿದವರ ಮೇಲಿನ ಅವಿಶ್ವಾಸ. ಹುಲ್ಲುಹಾಸಿನ ಚಿತ್ರವನ್ನು ನೋಡಿದ ನಾಡಿನಲ್ಲಿ ಇಂದು ಹರಡಿರುವುದೂ ಅಂಥದೇ ಅವಿಶ್ವಾಸ. ಅದನ್ನು ಹೋಗಲಾಡಿಸಲು ಸೆರೆಮನೆಯ ಗೋಡೆಗಳು ಇನ್ನಷ್ಟು ಕತ್ತಲಾಗಬೇಕಿಲ್ಲ. ಹೆಸರಿದ್ದವನಿಗೂ ತಂಗಡಗಿಯ ಹೆಸರಿಲ್ಲದವನಿಗೂ ಆ ಗೋಡೆಗಳ ನಡುವೆ ಒಂದೇ ಹಾಸಿಗೆ, ಒಂದೇ ತಟ್ಟೆ, ಒಂದೇ ಅಳತೆಯ ಬಿಸಿಲು ಸಿಗಬೇಕು.